ಹೊಟ್ಟೆ ಮರೆಸುವ ಅಂಗಿ

೨೦೧೮ರ ಮಾರ್ಚ್ ೧೪, ಬುಧವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ದರ್ಜಿ ಕಿಟಕಿಯ ಬಳಿ ಕೂತಿದ್ದ. ಕೊಕ್ಕೆಗೆ ನೇತುಹಾಕಿದ ಚೀಲದಿಂದ ಎರಡು ಲೀಟರ್ ಡಯಾಲಿಸಿಸ್ ದ್ರವ ಕೊಳವೆಯಲ್ಲಿ ಅವನ ಹೊಟ್ಟೆಗೆ ಇಳಿಯುತ್ತಿತ್ತು. ಮೂತ್ರಪಿಂಡಗಳು ಕೈಬಿಟ್ಟ ಮೇಲೆ ದಿನಕ್ಕೆ ನಾಲ್ಕು ಚೀಲ, ಮನೆಯಲ್ಲೇ.

ಹೊಕ್ಕುಳ ಪಕ್ಕ ನಿಂಬೆಹಣ್ಣಿನಷ್ಟು ಉಬ್ಬು ಎದ್ದು ಆರು ವಾರವಾಗಿತ್ತು. ದ್ರವ ತುಂಬಿದಾಗ ಬಿಗಿಯಾಗುತ್ತಿತ್ತು, ಮಲಗಿದರೆ ಒಳಗೆ ಸರಿಯುತ್ತಿತ್ತು. ಅವನು ಯಾರಿಗೂ ಬಾಯಿಬಿಟ್ಟಿರಲಿಲ್ಲ. ಹೇಳಿದರೆ ಚೀಲ ಬಿಡಿಸಿ, ಜೀವಮಾನವಿಡೀ ಆಸ್ಪತ್ರೆಯ ಯಂತ್ರಕ್ಕೆ ಕಟ್ಟಿಹಾಕುತ್ತಾರೆ ಎಂಬ ಭಯ. ಆಮೇಲೆ ಈ ಕಿಟಕಿ, ಈ ಮೇಜು ಎಲ್ಲಿ?

ಮೇಜು ಅವನ ಹಳೆಯ ಹೊಲಿಗೆ ಅಂಗಡಿಯಿಂದ ಬಂದದ್ದು. ಮೂವತ್ತೆಂಟು ವರ್ಷ ಅದರ ಒಂದು ತುದಿಯಲ್ಲಿ ಅವನ ಕತ್ತರಿ, ಇನ್ನೊಂದು ತುದಿಯಲ್ಲಿ ಹೆಂಡತಿಯ ಗುಂಡಿ ಡಬ್ಬಿ. ಡೊಳ್ಳುಹೊಟ್ಟೆಯವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಂಥವರ ಅಂಗಿಯ ಮುಂಭಾಗವನ್ನು ಅವನು ಬೆನ್ನಿಗಿಂತ ಒಂದೂವರೆ ಇಂಚು ಉದ್ದ ಕತ್ತರಿಸುತ್ತಿದ್ದ. ತೊಟ್ಟಾಗ ಅಂಚು ಸುತ್ತಲೂ ಸಮ. "ಅಯ್ಯೋ, ನನ್ನ ಹೊಟ್ಟೆ ಎಲ್ಲಿಗೆ ಹೋಯ್ತು?" ಎಂದು ಗಿರಾಕಿ ಕನ್ನಡಿ ಮುಂದೆ ತಿರುಗಿದರೆ, ಅವಳು ದಾರ ಕಚ್ಚುತ್ತಾ ನಗು ನುಂಗುತ್ತಿದ್ದಳು.

ಆ ಬುಧವಾರ ಮಧ್ಯಾಹ್ನ ಒಗೆದ ಬಟ್ಟೆ ಮಡಚುತ್ತಿದ್ದ ಹೆಂಡತಿ ಅವನ ಹೊಸ ಅಂಗಿಯೊಂದನ್ನು ಹೆಗಲಿಗೆ ಹೆಗಲು ಕೂಡಿಸಿದಳು. ಮುಂಭಾಗ ಬೆನ್ನಿಗಿಂತ ಕೆಳಗೆ ಇಣುಕಿತು.

"ಏನ್ರೀ, ಇದು ಯಾರ ಹೊಟ್ಟೆಗೆ ಹೊಲಿದಿದ್ದು?"

"ನಂದೇ. ವಯಸ್ಸಾಯ್ತಲ್ಲ, ಬೊಜ್ಜು."

"ಬೊಜ್ಜಂತೆ! ಕೆನ್ನೆ ನೋಡಿದ್ರೆ ಒಣಗಿದ ಹೀರೇಕಾಯಿ. ಊರವರ ಹೊಟ್ಟೆ ಮರೆಸಿದ್ರಿ, ಸರಿ. ನನ್ನ ಕಣ್ಣಿಗೂ ಮಣ್ಣೆರಚ್ತೀರಾ? ಎತ್ತಿ ಅಂಗಿ."

ಅವನು ಎತ್ತಿದ. ಅವಳು ಉಬ್ಬು ನೋಡಿ, ಆಸ್ಪತ್ರೆಗೆ ಹೊರಡಲು ಚಪ್ಪಲಿ ಮೆಟ್ಟಿದಳು.

"ಹರ್ನಿಯಾ ಇದು. ದ್ರವದ ಒತ್ತಡಕ್ಕೆ ಹೊಟ್ಟೆಗೋಡೆ ಬಿಟ್ಕೊಂಡಿದೆ," ಎಂದಳು ಆಸ್ಪತ್ರೆಯ ನರ್ಸಮ್ಮ. "ಕರುಳು ಸಿಕ್ಕಿಹಾಕ್ಕೊಂಡಿದ್ರೆ ಏನ್ ಗತಿ?"

"ಆರು ವಾರದಿಂದ ಇದೆ. ಇನ್ನು ಯಂತ್ರವೇನಾ?" ಎಂದ ದರ್ಜಿ.

"ಆಪರೇಷನ್ ಆಗಿ ಮೂರು ವಾರ ಯಂತ್ರ. ಆಮೇಲೆ ಮನೇಲೇ, ಮಲಗಿಕೊಂಡು, ಒಂದೇ ಲೀಟರ್. ಹೊಲಿಗೆ ತಡ್ಕೊಂಡು, ಹಾಕಿದ್ದಕ್ಕಿಂತ ಜಾಸ್ತಿ ವಾಪಸ್ ಬಂದ್ರೆ ನಿಮ್ಮ ಚೀಲ ನಿಮಗೇ. ಇಷ್ಟು ಕೇಳೋಕೆ ಆರು ವಾರ ಬೇಕಿತ್ತಾ, ತಾತ?"

ದರ್ಜಿಗೆ ನಾಚಿಕೆಯಾಯಿತು.

ಆಪರೇಷನ್, ಯಂತ್ರ ಎಲ್ಲ ಮುಗಿದು ಏಪ್ರಿಲ್ ಕೊನೆಗೆ ಮನೆಯಲ್ಲಿ ಮೊದಲ ಚೀಲ, ಒಂದು ಲೀಟರ್. ನಾಲ್ಕು ಗಂಟೆ ಅವನು ಅಂಗಾತ ಮಲಗಿದ್ದ. ಹೆಂಡತಿ ಹೊಲಿಗೆಯ ಗುರುತನ್ನು ಬೆರಳಿಂದ ಸವರಿ ನೋಡಿದಳು, ಉಬ್ಬಿರಲಿಲ್ಲ. ಹೊರಬಂದ ದ್ರವವನ್ನು ಅಳತೆಯ ಜಾಡಿಗೆ ಸುರಿದು, ಕನ್ನಡಕ ಏರಿಸಿ, ಗೆರೆ ಓದಿದಳು.

೧,೧೧೦ ಮಿಲಿಲೀಟರ್.