ಹೆಂಡತಿಯ ಮಡಿಲಿಗಿಟ್ಟ ಫೈಲು

ಶ್ರೀರಂಗಪಟ್ಟಣದ ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ತುಂಬ ಬಸುರಿಯರು. ಅವರ ನಡುವೆ ಕುಳಿತ ತಿಮ್ಮರಾಜು ತನ್ನ ಫೈಲನ್ನು ಮೆಲ್ಲಗೆ ಹೆಂಡತಿಯ ಮಡಿಲಿಗೆ ಸರಿಸಿದ. ಬಾಬುರಾಯನಕೊಪ್ಪಲಿನ ಹಾಲಿನ ಡೇರಿಯ ಕಾರ್ಯದರ್ಶಿ ಅವನು. ದಿನಕ್ಕೆರಡು ಹೊತ್ತು ಇಡೀ ಊರಿಗೆ ಮುಖ ಕೊಡಬೇಕಾದವನು. ಶ್ವೇತ ಅದನ್ನು ತನ್ನದೆಂಬಂತೆ ಹಿಡಿದುಕೊಂಡಳು. ಬಂಜೆಯೆಂಬ ಮಾತನ್ನೂ ಆರು ವರ್ಷ ಹೀಗೇ ಹೊತ್ತಿದ್ದಳು.

ಮಗಳನ್ನು ಕರೆತಂದಿದ್ದ ಎದುರುಮನೆಯ ಸೋಮಮ್ಮ ಫೈಲು ಕಂಡು ನಕ್ಕಳು. "ಎಷ್ಟು ತಿಂಗ್ಳವ್ವ?"

ಶ್ವೇತ ಗಂಡನತ್ತ ನೋಡಿದಳು. ಅವನು ಗೋಡೆ ನೋಡಿದ.

ಒಳಗೆ ವೈದ್ಯರು ಚುಚ್ಚುಮದ್ದು ಕೊಟ್ಟು, ಸ್ವಲ್ಪ ಹೊತ್ತು ಕಾದು, ಶಿಶ್ನದ ರಕ್ತನಾಳಗಳ ಡಾಪ್ಲರ್ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಎದ್ದ ಅಲೆಗಳು ತೀರ ಕುಳ್ಳಗಿದ್ದವು.

"ರಕ್ತ ಬೇಕಾದಷ್ಟು ಬರ್ತಿಲ್ಲ. ಸಕ್ಕರೆ ಕಾಯಿಲೆ, ಬೀಡಿ ಎರಡೂ ಸೇರಿ ನಾಳ ಕೆಡಿಸಿವೆ. ಹೃದಯಾನೂ ತೋರಿಸ್ಕೊಳ್ಳಿ."

"ಮಾತ್ರೆಗೆ ಸರಿಹೋಯ್ತದಾ ಸಾರ್?"

"ನೋಡೋಣ. ಮೊದಲಿನ ಹಾಗಾಗುತ್ತೆ ಅಂತ ಮಾತು ಕೊಡಲಾರೆ. ಬಹಳ ತಡ ಮಾಡಿದ್ರಿ."

ತಡವಾದ ವರ್ಷಗಳಲ್ಲಿ ಅವನು ಲಾಡ್ಜಿನಲ್ಲಿ ಕೂರುವ ನಾಟಿ ವೈದ್ಯನೊಬ್ಬನ ಲೇಹ್ಯ ತಿಂದಿದ್ದ. ಶ್ವೇತ ಅತ್ತೆಯ ಹರಕೆಗಳಿಗೆ ಉಪವಾಸ ಬಿದ್ದಿದ್ದಳು. ಯುಗಾದಿಯೊಳಗೆ ಬಸುರಾಗದಿದ್ದರೆ ನಾಗಮಂಗಲದ ತವರಿಗೆ ಅಟ್ಟುವುದೆಂದು ಅವ್ವ ದೊಡ್ಡತಾಯಮ್ಮ ಹೇಳಿದಾಗಲೂ ಅವನು ಬಾಯಿ ಬಿಟ್ಟಿರಲಿಲ್ಲ.

ಅವರಿಗಿಂತ ಮೊದಲೇ ಶ್ವೇತ ಬಸುರಿಯೆಂಬ ಸುದ್ದಿ ಮನೆ ಸೇರಿತ್ತು. ಅವ್ವ ಪಾಯಸಕ್ಕೆ ಶಾವಿಗೆ ಹುರಿಯುತ್ತಿದ್ದಳು. ಪಕ್ಕದಲ್ಲಿ ಕೂತ ಸೋಮಮ್ಮ, "ಸೊಸೆನ ಬೈದ ಬಾಯ್ಗೆ ಮೊದ್ಲು ನೀನೇ ಸಕ್ಕರೆ ಆಕ್ಕೊ ಅಂದೆ ಕಣಪ್ಪ ನಿಮ್ಮವ್ವಂಗೆ" ಎಂದಳು.

ಅವ್ವ ಎದ್ದು ಬಂದು ಸೊಸೆಯ ಕೆನ್ನೆ ಸವರಿದಳು. ಆರು ವರ್ಷದಲ್ಲಿ ಅದೇ ಮೊದಲು. ಶ್ವೇತ ತಲೆ ತಗ್ಗಿಸಿ ನಿಂತಳು.

ಬರುವ ತಿಂಗಳು ಬಸಿರು ಇಳಿದುಹೋಯಿತು ಎಂದರಾಯಿತು. ಆ ಯೋಚನೆ ಅಷ್ಟು ಸಲೀಸಾಗಿ ಬಂದದ್ದಕ್ಕೇ ತಿಮ್ಮರಾಜುವಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಅವ್ವ, ಸ್ಕ್ಯಾನ್ ಮಾಡ್ಸಿದ್ದು ನಂಗೆ. ಕೆಟ್ಟಿರೋದು ನನ್ ಮೈ. ಇವಳಲ್ಲಿ ಏನೂ ಐಬಿಲ್ಲ."

ಸೋಮಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ಬಾಣಲೆಯಲ್ಲಿ ಶಾವಿಗೆ ಸೀಯತೊಡಗಿತು.

"ಮೆತ್ತಗೆ ಮಾತಾಡ್ಲಾ," ಅವ್ವನ ದನಿ ಒಣಗಿತ್ತು. "ಬೀದಿಗೆ ಕೇಳುಸ್ತದೆ."

ನಾಳೆ ಬೆಳಿಗ್ಗೆ ಡೇರಿಯ ಮುಂದೆ ಸಾಲುಗಟ್ಟುವ ಜನ ಅವನ ಕಣ್ಣಿಗೆ ಕಟ್ಟಿದರು. ಅವನು ಜಗಲಿಗೆ ಬಂದು ಕಂಬ ಹಿಡಿದು ನಿಂತ. ಅದೇ ಮಾತನ್ನು ಇನ್ನೊಮ್ಮೆ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ.