ಎರಡು ಮೆಟ್ಟಿಲಿನ ಹುಡುಕಾಟ

ವಿಠ್ಠಲವಾಡಿಯ ಕಾಳೆ ಚಾಳೆಂಬ ಹಳೆಯ ವಠಾರದ ನಲವತ್ತೊಂದು ಮನೆಗಳು ಅರ್ಹರ ಪಟ್ಟಿಯಲ್ಲಿ ಬರಲಿಲ್ಲ. ಕಾರಣದ ಅಂಕಣದಲ್ಲಿ ‘ಹಳೆಯ ಕಾಗದಪತ್ರ ಸಿಕ್ಕಿಲ್ಲ’ ಎಂದಿತ್ತು. ನಲವತ್ತೊಂದು ಮನೆಯವರೂ ಹಳೆಯ ಕಾಗದಪತ್ರ ಕೊಟ್ಟಿದ್ದರು. ಚಾಳು ಕೆಡವಿ ಕಟ್ಟುವ ಹೊಸ ಕಟ್ಟಡದಲ್ಲಿ ಅವರಿಗೆ ಮನೆಯಿಲ್ಲ.

ಪಟ್ಟಿ ತಯಾರಾದದ್ದು ಕೋಪರಖೈರಣೆಯ ಒಂದು ಆಫೀಸಿನಲ್ಲಿ. ಚಾಳುಗಳ ಕಾಗದ ಸ್ಕ್ಯಾನ್ ಮಾಡಿಸಿ, ಯಾರು ಎಷ್ಟು ವರ್ಷದಿಂದ ಇದ್ದಾರೆಂದು ಕಂಪ್ಯೂಟರಿನಲ್ಲಿ ಹುಡುಕಿ ಬಿಲ್ಡರನಿಗೆ ಹೇಳುವುದು ಆ ಆಫೀಸಿನ ಕಸುಬು. ಸೌಭಾಗ್ಯ ಅಲ್ಲಿ ಪ್ರೋಗ್ರಾಮರ್. ಆದರೆ ಪಟ್ಟಿ ಕೈಗೆ ಬಂದಾಗ ಅವಳ ಕಣ್ಣು ಮೊದಲು ಹೋದದ್ದು ನಲವತ್ತೊಂದು ಮನೆಗಳ ಕಡೆಗಲ್ಲ, ಕೊನೆಯಲ್ಲಿ ಸಣ್ಣಕ್ಷರದಲ್ಲಿದ್ದ ಸಾಲಿನ ಕಡೆಗೆ: ‘ಹುಡುಕಾಟದ ಪ್ರೋಗ್ರಾಂ – ಹೃಷೀಕೇಶ’.

ಆ ಹೆಸರು ಕಂಡರೆ ಸಾಕು, ಅವಳ ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಅವನ ಅಪ್ಪನದು ಸೀವುಡ್ಸ್ ಸ್ಟೇಷನ್ನಿನ ಎದುರು ಉಡುಪಿ ಹೋಟೆಲು. ಮನೆ ನೆರೂಳದಲ್ಲಿ. ಲೋಕಲ್ ರೈಲುಗಾಡಿಯಲ್ಲಿ ಕಿಟಕಿ ಪಕ್ಕ ಕೂತು, ಕ್ರಾಪು ಕೆಡದಂತೆ ಬರುವವನು. ಇವಳೋ ಡೊಂಬಿವಲಿಯಿಂದ ಠಾಣೆಯವರೆಗೆ ಒಂಟಿ ಕಾಲಲ್ಲಿ ನಿಂತು, ಠಾಣೆಯಲ್ಲಿ ಸೇತುವೆ ಹತ್ತಿ ಇಳಿದು, ಗಾಡಿ ಬದಲಿಸಿ ಬರುವವಳು. ಅವಳಿಗಿಂತ ಒಂದು ವರ್ಷ ತಡವಾಗಿ ಸೇರಿದವನು ಮೂರೇ ತಿಂಗಳಲ್ಲಿ ಟೀಮ್ ಲೀಡ್ ಆದ. ಕಡಲಿನ ಹಿನ್ನೀರಿನ ಖಾಡಿ ಕಾಣುವ ಕಿಟಕಿಯ ಬಳಿಯ ಕುರ್ಚಿ ಅವನದಾಯಿತು. ಸಾಹೇಬರಿಗೆ ಅವನು ‘ಹೃಷಿ’, ಇವಳು ‘ಸೌಭಾಗ್ಯ ಅವರೇ’. ಆ ‘ಅವರೇ’ ಎಂಬುದು ಮರ್ಯಾದೆಯಲ್ಲ, ಮುಚ್ಚಿದ ಬಾಗಿಲು ಎಂದು ಅವಳಿಗೆ ಗೊತ್ತಿತ್ತು.

ಎಲ್ಲಕ್ಕಿಂತ ಉರಿಯುತ್ತಿದ್ದ ಸಂಗತಿ ಬೇರೆ. ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಓಡಿಸಿ ಫೋಲ್ಡರು ಹುಡುಕುವ ವಿದ್ಯೆಯನ್ನು ಅವನಿಗೆ ಹೇಳಿಕೊಟ್ಟವಳೇ ಅವಳು. ಊಟದ ಹೊತ್ತಿನಲ್ಲಿ, ಜೋಳದ ರೊಟ್ಟಿಯ ಡಬ್ಬಿ ಮುಂದಿಟ್ಟುಕೊಂಡು. “ಫೋಲ್ಡರ್ ತೆಗಿ. ಫೈಲ್ ಇದ್ರ ನೋಡು. ಒಳಗ ಇನ್ನೊಂದು ಫೋಲ್ಡರ್ ಇದ್ರ ಇದ ಕೆಲಸ ಅದರ ಮ್ಯಾಲೂ ಮಾಡು. ಫಂಕ್ಷನ್ನು ತನ್ನನ್ನ ತಾನ ಕರಕೋತದ. ತಳ ಮುಟ್ಟೂತನಕ ಬಿಡೂದಿಲ್ಲ.”

“ಓ, ಇಷ್ಟೇ ಉಂಟಾ ಮಾರಾಯ್ತಿ!” ಎಂದು ಅವನು ನಕ್ಕಿದ್ದ. ಮರುವಾರ ಮೀಟಿಂಗಿನಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ. ಮಾರನೆಯ ದಿನ ಅಪ್ಪನ ಹೋಟೆಲಿನಿಂದ ಗೋಳಿಬಜೆ ತಂದು, “ನಿನಗೇ ಮೊದಲು, ಗುರುದಕ್ಷಿಣೆ” ಎಂದ. ಗೋಳಿಬಜೆ ಚೆನ್ನಾಗಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

“ಆ ಉಡುಪಿ ಹುಡುಗನ ಸುದ್ದಿ ಬಿಟ್ರ ನಿನ್ನ ಬಾಯಾಗ ಬ್ಯಾರೆ ಮಾತಿಲ್ಲ. ಅವರ ಮನಿಗಿ ಹೋಗಿ ಮಾತಾಡ್ಲೇನ ಮತ್ತ?” ಎಂದು ಅವ್ವ ರುದ್ರವ್ವ ಒಮ್ಮೆ ಕೇಳಿದಳು.

“ಯವ್ವಾ, ಅವನ ಕುರ್ಚಿ ಬೇಕು ನಂಗ, ಅವಾ ಅಲ್ಲ!”

ಪಟ್ಟಿ ಹೊರಬಿದ್ದ ಮೂರನೆಯ ದಿನ ಮೋಹಿನಿ ಆಫೀಸಿಗೆ ಬಂದಳು. ಕಾಳೆ ಚಾಳಿನವಳೇ, ಚಾಳಿನ ಸಮಾಜ ಮಂದಿರದಲ್ಲಿ ಕೂತು ಅಲ್ಲಿನ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿದ್ದು ಅವಳು. ಸೌಭಾಗ್ಯ ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಹಿಂದಿಯಲ್ಲಿ.

“ನಿಮ್ಮ ಚಾಳಿನವ್ರು ಪೇಪರ್ ಕೊಟ್ಟಿಲ್ಲಂತಲ್ಲ?”

“ಕ್ಯಾ ಬಾತ್ ಕರತೀ ಹೋ ದೀದಿ! ಮೈನೇ ಖುದ್ ಸ್ಕ್ಯಾನ್ ಕಿಯಾ. ಹರ್ ಏಕ್ ಕಾ.”

ಪ್ರತಿಯೊಬ್ಬರದನ್ನೂ ತಾನೇ ಸ್ಕ್ಯಾನ್ ಮಾಡಿದ್ದೇನೆಂದು ಮೋಹಿನಿ ತನ್ನ ಕೆಲಸದ ರೀತಿ ಹೇಳಿದಳು. ಒಂದು ಮನೆಗೆ ಒಂದೇ ಫೋಲ್ಡರು, ಒಮ್ಮೆ ಹಾಕಿದ ಕಾಗದಕ್ಕೆ ಮತ್ತೆ ಕೈ ಹಚ್ಚಬಾರದು ಎಂಬುದು ಆಫೀಸಿನ ಅಪ್ಪಣೆ. ಜನ ರೇಷನ್ ಕಾರ್ಡು ತಂದರೆ, ಇದಕ್ಕಿಂತ ಹಳೆಯದು ತನ್ನಿ ಎಂದು ಸರ್ವೆಯವರು ಓಡಿಸುತ್ತಿದ್ದರು. ಹಳೆಯದು ತಂದಾಗ ಅವಳು ಹಿಂದಿನ ಫೋಲ್ಡರಿನೊಳಗೆ ಆ ದಿನದ ತಾರೀಖಿನ ಹೊಸ ಫೋಲ್ಡರು ಮಾಡಿ ಹಾಕುತ್ತಿದ್ದಳು. ಇನ್ನೂ ಹಳೆಯದು ಬೇಕೆಂದರೆ ಅದರೊಳಗೆ ಮತ್ತೊಂದು. ಕೆಲವರು ಐದು ಸಲ ಬಂದಿದ್ದರು. ಟ್ರಂಕಿನ ತಳ ಕೆದಕಿ ತಂದ ಅತಿ ಹಳೆಯ ಕಾಗದ ಅತಿ ಆಳದಲ್ಲಿ ಕೂತಿತ್ತು. ಯಾರನ್ನು ಹೆಚ್ಚು ಅಲೆಸಿದರೋ ಅವರ ಪುರಾವೆಯೇ ಎಲ್ಲಕ್ಕಿಂತ ಕೆಳಗೆ.

ಹಾಗಾದರೆ ಹೃಷೀಕೇಶನ ಪ್ರೋಗ್ರಾಂ ತಳ ಮುಟ್ಟಿಲ್ಲ ಎಂದು ಸೌಭಾಗ್ಯಳಿಗೆ ಹೊಳೆಯಿತು. ನಾಚಿಕೆಯಿಲ್ಲದೆ ಹೇಳಬೇಕೆಂದರೆ, ಅವಳಿಗೆ ಆದದ್ದು ಸಂತೋಷ.

ಹೃಷೀಕೇಶ ಎರಡು ದಿನದಿಂದ ರಜೆಯಲ್ಲಿದ್ದಾನೆಂದು ಆಫೀಸಿನಲ್ಲಿ ಹೇಳಿದ್ದರು. ಅವಳು ಅವನ ಪ್ರೋಗ್ರಾಂ ತೆರೆದಳು. ತಾನು ಕಲಿಸಿದ್ದೇ ಫಂಕ್ಷನ್ನು, ತನ್ನದೇ ನಡಿಗೆ. ಆದರೆ ನಡುವೆ ಒಂದು ಸಾಲು ಹೊಸತು: ಒಂದರೊಳಗೊಂದು ಫೋಲ್ಡರಿನ ಎರಡು ಮೆಟ್ಟಿಲು ಇಳಿದ ಮೇಲೆ ಹಿಂದಿರುಗು. ಸಾಲಿನ ಪಕ್ಕ ಬರೆದವನ ಹೆಸರು, ತಾರೀಖು. ಹೃಷೀಕೇಶ.

“ಸಿಕ್ಕಿ ಮಗನ!” ಎಂದು ಅವಳು ಜೋರಾಗಿಯೇ ಅಂದಳು. ಪಕ್ಕದ ಟೇಬಲಿನವರು ತಿರುಗಿ ನೋಡಿದರು.

ಆ ಸಾಲನ್ನು ತೆಗೆದು ಪ್ರೋಗ್ರಾಂ ಓಡಿಸಿದಳು. ಮಧ್ಯಾಹ್ನ ಊಟ ಮಾಡಲಿಲ್ಲ. ಪರದೆಯ ಮೇಲೆ ಫೋಲ್ಡರಿನ ಹೆಸರುಗಳು ಒಂದರ ಬೆನ್ನಿಗೊಂದು ಇಳಿದುಹೋಗುತ್ತಿದ್ದವು. ಮೂರನೆಯ ಮೆಟ್ಟಿಲು, ನಾಲ್ಕು, ಐದು. ನಲವತ್ತೊಂದಕ್ಕೆ ನಲವತ್ತೊಂದೂ ಸಿಕ್ಕವು. ಖಾತ್ರಿಗೆಂದು ರೂಮ್ ನಂಬರ್ ಹದಿನೇಳನ್ನು ತೆರೆದಳು. ಐದನೆಯ ಮೆಟ್ಟಿಲಿನಲ್ಲಿ ಒಂದು ಲೈಟ್ ಬಿಲ್ಲು, ಮೂವತ್ತು ವರ್ಷ ಹಳೆಯದು, ಮಡಿಕೆಯಲ್ಲಿ ಹರಿದು ಹೋದದ್ದು. ಎರಡು ತುಂಡುಗಳನ್ನು ಕೂಡಿಸಿ ಒತ್ತಿ ಹಿಡಿದ ಹೆಬ್ಬೆರಳೂ ಚಿತ್ರದಲ್ಲಿ ಬಂದಿತ್ತು. ಮೋಹಿನಿಯದು. ಸೌಭಾಗ್ಯ ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

ಆಮೇಲೆ ಹೊಸ ಪಟ್ಟಿಯನ್ನು ಪ್ರಿಂಟ್ ತೆಗೆದುಕೊಂಡು, ಇವತ್ತು ಇಡೀ ಆಫೀಸು ನೋಡಲಿ ಎಂದುಕೊಂಡು ಲಕ್ಷ್ಮೀಕಾಂತ ಸಾಹೇಬರ ಕ್ಯಾಬಿನ್ನಿಗೆ ಹೋದಳು. ಸಾಹೇಬರು ಮೈಸೂರಿನವರು. ನಮ್ಮವರಿಗೆ ನಾವೇ ಕೆಲಸ ಕೊಡಬೇಕು ಎನ್ನುತ್ತ ಕನ್ನಡದವರನ್ನು ಹುಡುಕಿ ಸೇರಿಸಿಕೊಂಡವರು.

“ಸರ್, ಹೃಷೀಕೇಶ ಎಂಥಾ ತಪ್ಪ ಮಾಡ್ಯಾನ ನೋಡ್ರಿ. ಎರಡ ಮೆಟ್ಟಲ ಇಳದು ವಾಪಸ್ ಬಂದಾನ. ನಲವತ್ತೊಂದು ಮನಿ ಹೋದ್ವು.”

ಸಾಹೇಬರು ಪಟ್ಟಿ ಮುಟ್ಟಲಿಲ್ಲ. “ಆ ಸಾಲು ನಾನೇ ಹಾಕಿಸಿದ್ದು, ಹಿಂದಿನ ಚಾಳಿನ ಹೊತ್ತಿಗೇ. ಸರ್ವರ್ ನಿಧಾನ, ಬಿಲ್ಡರ್‌ಗೆ ಅವತ್ತು ಸಂಜೆನೇ ಪಟ್ಟಿ ಬೇಕಿತ್ತು.”

“ಹಂಗಾರ ಈಗ ತಿದ್ದೂಣು.”

“ಈಗ ತಿದ್ದಿದ್ರೆ ಹಿಂದೆ ಮಾಡಿಕೊಟ್ಟ ಚಾಳುಗಳನ್ನೆಲ್ಲ ಮತ್ತೆ ಹುಡುಕಿ ಅಂತಾರೆ. ಆಫೀಸು ಮುಚ್ಚಬೇಕಾಗತ್ತೆ. ಕೂತ್ಕೊಳ್ಳಿ ಸೌಭಾಗ್ಯ.” ಈ ಸಲ ‘ಅವರೇ’ ಇರಲಿಲ್ಲ. ಅವರು ಒಂದು ಹಾಳೆ ಮುಂದೆ ಸರಿಸಿದರು. ಎಲ್ಲ ಫೋಲ್ಡರುಗಳನ್ನೂ ತಳದವರೆಗೆ ಹುಡುಕಲಾಗಿದೆ ಎಂಬ ಪ್ರಮಾಣಪತ್ರ. “ಇದಕ್ಕೆ ಟೀಮ್ ಲೀಡ್ ಸೈನ್ ಬೇಕು. ನಾಳೆಯಿಂದ ನೀವೇ ಟೀಮ್ ಲೀಡ್. ಆ ಕಿಟಕಿ ಪಕ್ಕದ ಕುರ್ಚಿನೂ ನಿಮ್ದೇ.”

ಗಾಜಿನಾಚೆ ಕುರ್ಚಿ ಕಾಣುತ್ತಿತ್ತು. ಬೆನ್ನಿಗೆ ಖಾಡಿಯ ಬೆಳಕು.

“ಮತ್ತ ಹೃಷೀಕೇಶ? ರಜಾದಾಗ ಅದಾನಂದ್ರು.”

“ರಜಾ ಏನಿಲ್ಲ. ತಿದ್ದಿ, ಇಲ್ದಿದ್ರೆ ಸೈನ್ ಮಾಡಲ್ಲ ಅಂದ. ಹೋಗಪ್ಪಾ ಅಂದೆ. ಹೋಟೆಲ್ ಇದೆಯಲ್ಲ ಅವನಿಗೆ, ಹೀರೋ ಆಗಬಹುದು. ನಿಮಗೆ ಹಾಗಲ್ಲ.”

ಅವಳ ಹೊಟ್ಟೆಯೊಳಗಿನ ಮೆಣಸಿನಕಾಯಿ ಕಣ್ಣಿಗೇರಿತು. ಕಂಡುಹಿಡಿದವಳು ತಾನೆಂದುಕೊಂಡು ಮೆಟ್ಟಿಲು ಹಾರುತ್ತ ಬಂದರೆ, ಇಲ್ಲಿಗೂ ಅವನು ಮೊದಲೇ ಬಂದು ಹೋಗಿದ್ದಾನೆ. ಬೇಡವೆನ್ನುವುದರಲ್ಲೂ ಅವನೇ ಫಸ್ಟು! ಅವನು ಒದ್ದುಹೋದ ಕುರ್ಚಿಯನ್ನು ಸೆರಗಿನಿಂದ ಒರೆಸಿಕೊಂಡು ತಾನು ಕೂರಬೇಕೇ? ಹೋಟೆಲಿದ್ದವನಿಗೆ ಮಾತ್ರವೇ ಬೆನ್ನೆಲುಬು? ಡೊಂಬಿವಲಿ ಗಾಡಿಯಲ್ಲಿ ಒಂಟಿ ಕಾಲಲ್ಲಿ ನಿಂತು ಬರುವವಳಿಗೆ ಅದು ಇರಬಾರದೇ?

ಹರಿದ ಬಿಲ್ಲನ್ನು ಕೂಡಿಸಿ ಹಿಡಿದಿದ್ದ ಹೆಬ್ಬೆರಳು ಕಣ್ಣ ಮುಂದೆ ಬಂತು.

ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. “ಇಲ್ಲಿ ಸೈನ್ ಮಾಡಿ. ಹಾಗೇ ಆ ಹೊಸ ಪಟ್ಟಿ ಡಿಲೀಟ್ ಮಾಡ್ಬಿಡಿ.”

“ಅವಾ ಎಷ್ಟ ಸಲ ಅಂದಾ ಸರ್, ಮಾಡಂಗಿಲ್ಲಂತ?”

“ಏನು?”

“ಹೃಷೀಕೇಶ. ಎಷ್ಟ ಸಲ ಅಂದಾ?”

“ಒಂದು ಸಲ. ಯಾಕೆ, ಸಾಲದಾ?”

ಸೌಭಾಗ್ಯ ಪೆನ್ನಿಗೆ ಮುಚ್ಚಳ ಹಾಕಿ, ಹಾಳೆಯ ಮೇಲೆ ಅಡ್ಡ ಇಟ್ಟಳು.

“ಹಂಗಾರ ನಾ ಎರಡ ಸಲ ಅಂತೀನಿ. ಸೈನ್ ಮಾಡಂಗಿಲ್ಲ. ಡಿಲೀಟೂ ಮಾಡಂಗಿಲ್ಲ.”