ಕೂತ ನೀರು

ಅರ್ಧ ಆಯುಷ್ಯ ಸೈನ್ಯದಲ್ಲಿ ಸೇತುವೆ ಕಟ್ಟಿದ ತನ್ನ ಯಜಮಾನರು ನಿವೃತ್ತರಾದ ಮೇಲೆ ಕಾಲು ಚಾಚಿ ಕೂರುತ್ತಾರೆಂದು ಅಕ್ಕ ಎಣಿಸಿದ್ದಳು. ಕಾಲು ಚಾಚಿದ್ದೇನೋ ನಿಜ, ಆದರೆ ಪ್ರಾರ್ಥನಾಮಂದಿರದ ಕಡೆಗೆ. ಮಂದಿರದ ಅಧ್ಯಕ್ಷ ಅವಳ ಒಡಹುಟ್ಟಿದ ತಮ್ಮ. ಹಾಗಾಗಿ ಅಲ್ಲಿ ಎಲ್ಲರಿಗೂ ಅವಳು ಅಕ್ಕ, ಅವರು ಭಾವ.

ಮಂದಿರಕ್ಕೆ ಅಂಟಿಕೊಂಡ ಉದ್ದನೆಯ ಕೋಣೆಯಲ್ಲಿ ದಿಕ್ಕಿಲ್ಲದ ರೋಗಿಗಳು ಹಾಸಿಗೆ ಹಿಡಿದು ಮಲಗಿದ್ದರು. ಭಾವ ಬೆಳಿಗ್ಗೆ ನೆಟ್ಟಗೆ ನಿಂತು, ಮೇಲಧಿಕಾರಿಗೆ ವರದಿ ಒಪ್ಪಿಸುವವರಂತೆ ದೇವರನ್ನು ಪ್ರಾರ್ಥಿಸಿ, ಅಂಗಿಯ ತೋಳು ಮಡಚಿ, ರೋಗಿಗಳ ಬೆನ್ನು ಒರೆಸಿ ಮಗ್ಗುಲು ಹೊರಳಿಸುತ್ತಿದ್ದರು. ನೋಡಲು ಬಂದವರು ಯಾರೇ ಆಗಲಿ, ಕುಶಲ ಕೇಳುವ ಮೊದಲೇ ಒಂದು ಮಂಚ ತೋರಿಸಿ, "ಹಿಡಿ ಆ ಕಡೆ" ಎನ್ನುವರು. ಮದುವೆಯ ದಿನ ನನ್ನ ಕೈ ಹಿಡಿದದ್ದು ಬಿಟ್ಟರೆ ಇವರು ಹಿಡಿದದ್ದೆಲ್ಲ ಮಂಚದ ಕಾಲೇ ಎಂದು ಅಕ್ಕ ರೋಗಿಗಳನ್ನು ನಗಿಸುತ್ತಿದ್ದಳು.

ಅಕ್ಕನ ತಮ್ಮ ಆ ಕೋಣೆಯ ತಾರಸಿಯ ಮೇಲೆ ದಾನಿಯೊಬ್ಬರ ಹೆಸರಿನಲ್ಲಿ ದೊಡ್ಡದೊಂದು ನೀರಿನ ಟ್ಯಾಂಕು ಕಟ್ಟಿಸಿದ. ಭಾವ ಕೆಂಡವಾದರು.

"ಈ ತೊಲೆ ನನಗಿಂತ ಮುದುಕ ಕಣಯ್ಯಾ. ಅದರ ತಲೆ ಮೇಲೆ ಕೆರೆ ಕೂರಿಸ್ತೀಯಾ?"

"ಭಾವ, ದಿನಾ ಪ್ರಾರ್ಥನೆ ಮಾಡೋರೇ ಹೀಗಂದ್ರೆ ಹೇಗೆ? ದೇವರ ಮನೆ, ಭಾರ ಅವನೇ ಹೊರ್ತಾನೆ."

"ಅವನು ಹೊರೋದು ನಮ್ಮ ಪಾಪ. ನೀರನ್ನ ತೊಲೆನೇ ಹೊರ್ಬೇಕು." ಭಾವ ಬೆರಳೆತ್ತಿದರು. "ನಮ್ಮ ತುಕಡಿಯಲ್ಲಿ ಹೊಸ ಸೇತುವೆ ಮೇಲೆ ಮೊದಲ ಲಾರಿ ಹೋಗೋವಾಗ ಕಟ್ಟಿದೋನೇ ಕೆಳಗೆ ನಿಲ್ತಿದ್ದ. ಟ್ಯಾಂಕು ತುಂಬೋವಾಗ ನೀನು ಕೆಳಗೆ ಕೂರು. ಏನೂ ಆಗದಿದ್ರೆ ನಾನು ಬಾಯಿ ಮುಚ್ಕೋತೀನಿ."

ತಮ್ಮನದು ಹಲ್ಲಿ ಬಿದ್ದರೆ ಮೂರು ದಿನ ಜ್ವರ ಬರುವ ಜೀವ, ಕೂರಲಾರದು ಎಂದೇ ಅಕ್ಕನೂ ನಂಬಿದ್ದಳು. ಆದರೆ ದಾನಿಗಳು ಎದುರಿಗಿದ್ದರು. ರೋಗಿಗಳನ್ನು ಜಗಲಿಗೆ ಸಾಗಿಸಿದ ಮೇಲೆ ಅವನು ತೊಲೆಯ ಕೆಳಗೆ ನಟ್ಟನಡುವೆ ಕುರ್ಚಿ ಹಾಕಿಸಿಕೊಂಡು ಕೂತೇಬಿಟ್ಟ. ಟ್ಯಾಂಕು ತುಂಬಿ ಚೆಲ್ಲಿತು. ತೊಲೆ ಮಿಸುಕಲಿಲ್ಲ. ಅವನು ಅಂಗಿ ಕೊಡವಿ ಎದ್ದು, "ಟ್ಯಾಂಕಿಗೆ ನೀರು, ಭಾವನಿಗೆ ಬೆವರು!" ಎಂದ. ಎಲ್ಲರೂ ನಕ್ಕರು. ಆಡಿದ ಮಾತಿಗೆ ಕಟ್ಟುಬಿದ್ದ ಭಾವ ತಾವೇ ಮಂಚಗಳನ್ನು ಹಿಡಿದು ಒಳಗೆ ಹಾಕಿಸಿದರು.

ಮನೆಯ ದಾರಿಯಲ್ಲಿ ಅಕ್ಕ ಮೂಗು ಹಿಡಿದುಕೊಂಡು ತಮ್ಮನ ದನಿಯಲ್ಲೇ ಭಾಷಣ ಬಿಗಿದಳು. ಭಾವ ನಗಲಿಲ್ಲ.

"ತಪ್ಪು ಪರೀಕ್ಷೆ ಒಡ್ಡಿದೆ ಕಣೇ. ಲಾರಿ ದಾಟಿ ಹೋಗತ್ತೆ. ನೀರು ಕೂತೇ ಇರತ್ತೆ."

"ಹಾಗಂತ ಅವನಿಗೆ ಹೇಳಿ ಮತ್ತೆ."

"ಹೇಳಿದೆ. ಸೋತ ಮೇಲೆ ಪಂದ್ಯದ ನಿಯಮ ಬದಲಾಯಿಸ್ತೀರಾ ಭಾವ, ಅಂದ."

ಮರುದಿನ ಭಾವ ತಮ್ಮದೇ ಹಾಸಿಗೆ ಸುತ್ತಿಕೊಂಡು ಹೋಗಿ ಆ ತೊಲೆಯ ಕೆಳಗೇ ಹಾಸಿದರು. "ಹೆಂಡ್ತೀನ ಬಿಟ್ಟು ಓಡಿಹೋಗೋ ವಯಸ್ಸಾ ಇದು?" ಎಂದು ಅಕ್ಕ ಗೊಣಗಿದಳು, ಗೊಣಗುತ್ತಲೇ ದಿಂಬು ತಂದುಕೊಟ್ಟಳು. ಅಂದಿನಿಂದ ಅವರ ಪ್ರಾರ್ಥನೆ ಅಂಗಾತ ಮಲಗಿ, ತೊಲೆಯನ್ನೇ ದಿಟ್ಟಿಸುತ್ತ ನಡೆಯಿತು. ಕಣ್ಣು ಮುಚ್ಚಲು ಹೆದರಿ ಪ್ರಾರ್ಥಿಸುವವರನ್ನು ಅವಳು ಮೊದಲ ಸಲ ಕಂಡಳು.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಅಕ್ಕ ಮುದುಕ ದರ್ಜಿಗೆ ಗಂಜಿ ಕುಡಿಸುತ್ತಿದ್ದಳು.

"ಉಪ್ಪು ಕೇಳಿದ್ರೆ ಸುಣ್ಣ ಹಾಕ್ತೀಯಲ್ಲಮ್ಮ," ಎಂದ ದರ್ಜಿ.

ಚಮಚದಲ್ಲಿ ಬಿಳಿ ಪುಡಿ ಇತ್ತು. ಅವಳು ಕತ್ತೆತ್ತುವಷ್ಟರಲ್ಲಿ ಮೇಲೆ ಏನೋ ನರಳಿತು.

ಭಾವ ಕೂಗಲಿಲ್ಲ. "ಹಿಡಿ ಆ ಕಡೆ," ಎಂದರು, ಅಷ್ಟೆ.

ಮಂಚಗಳು ಒಂದೊಂದಾಗಿ ಜಗಲಿಗೆ ಬಂದವು. ಸದ್ದು ಕೇಳಿ ಓಡಿಬಂದ ತಮ್ಮ ಏನೂ ಕೇಳದೆ ಅಕ್ಕನ ಕೈಯಿಂದ ಮಂಚ ಕಸಿದುಕೊಂಡು ತಾನೇ ಹೊತ್ತ. ಕೊನೆಗೆ ದರ್ಜಿ ಉಳಿದ. ಮುಂದೆ ತಮ್ಮ, ಹಿಂದೆ ಭಾವ. ಮಂಚದ ಕಾಲು ಹೊಸ್ತಿಲಿಗೆ ಸಿಕ್ಕಿಕೊಂಡಿತು.

"ಎಳಿ!" ಎಂದು ಭಾವ ಒಳಗಿನಿಂದ ಎತ್ತಿ ನೂಕಿದರು. ಮಂಚ ಹೊರಗೆ ಬಿತ್ತು. ಆ ಕಡೆ ಹಿಡಿದಿದ್ದವರು ಬರಲಿಲ್ಲ. ತಾರಸಿ ಕುಸಿದು ಬಂತು.

ದೂಳು ಇಳಿಯುವ ಮೊದಲೇ ಜನ ಇಟ್ಟಿಗೆ ಎತ್ತತೊಡಗಿದರು. ಸ್ವಲ್ಪ ಹೊತ್ತಿಗೆ ಎಲ್ಲ ಕೈಗಳೂ ನಿಂತವು. ಒಬ್ಬರೂ ಅಕ್ಕನ ಕಡೆ ತಿರುಗಲಿಲ್ಲ.

ತಮ್ಮ ಕೆಸರಿನಲ್ಲೇ ಕುಸಿದಿದ್ದ. "ನಾನೇ ಕೂತಿದ್ದೆನಲ್ಲ ಅಕ್ಕಾ, ಅದರ ಕೆಳಗೆ. ಏನೂ ಆಗ್ಲಿಲ್ಲ."

"ನೀನು ಎದ್ದು ಬಂದೆ ಕಣೋ," ಎಂದಳು. "ನೀರು ಏಳ್ಲಿಲ್ಲ."

ಒಡೆದ ಟ್ಯಾಂಕಿನ ನೀರು ಹೊಸ್ತಿಲು ದಾಟಿ ಜಗಲಿಗೆ ಹರಿದಿತ್ತು. ದರ್ಜಿಯ ಜೋತುಬಿದ್ದ ಹೊದಿಕೆ ಅದನ್ನು ಹೀರುತ್ತಾ ತೊಯ್ಯುತ್ತಿತ್ತು. ಮುದುಕ ನಡುಗುತ್ತಿದ್ದ. ಅಕ್ಕ ಸೆರಗು ಸಿಕ್ಕಿಸಿ ಬಗ್ಗಿ ಮಂಚದ ಕಾಲಿಗೆ ಕೈ ಹಾಕಿದಳು.

"ಏಳು," ಎಂದಳು ತಮ್ಮನಿಗೆ. "ಹಿಡಿ ಆ ಕಡೆ."